ಹದಿನಾಲ್ಕನೆಯ ಪ್ರಶ್ನೆ

ಸುರಾವಾಲ್ ಊರಿನಲ್ಲಿ ಪ್ಲಾಚಿ ಮೈಸೆನ್ ಮೇಷ್ಟ್ರು ಒಂದು ಮಾತು ಹೇಳಿದರೆ ಅದಕ್ಕೆ ಎರಡನೆಯ ಮಾತಿರಲಿಲ್ಲ. ಊರಿಗೆ ಇರುವುದು ಒಂದೇ ಶಾಲೆ, ಆ ಶಾಲೆಗೆ ಮೂವತ್ತಾರು ವರ್ಷ ಅವರೊಬ್ಬರೇ ಮೇಷ್ಟ್ರು. ಊರಸಭೆಯ ಅಧ್ಯಕ್ಷ ಕ್ಲೌ ದೆಪ್ಲಾಜೆಸ್‌ಗೆ ಮಗ್ಗಿ ಕಲಿಸಿದ್ದು ಅವರೇ. ಬೆಟ್ಟದ ತಿರುವುಗಳಲ್ಲಿ ಹಳದಿ ಬಸ್ಸು ಓಡಿಸುವ ಊರ್ಸಿನಾಳಿಗೆ ಎಡಗೈ ಬಲಗೈ ಹೇಳಿಕೊಟ್ಟದ್ದೂ ಅವರೇ. ನಿವೃತ್ತರಾಗಿ ಏಳು ವರ್ಷ ಕಳೆದರೂ ಅವರು ಬೀದಿಯಲ್ಲಿ ಎದುರಾದರೆ ಐವತ್ತು ದಾಟಿದ ಗಂಡಸರು ಜೇಬಿನಿಂದ ಕೈ ತೆಗೆಯುತ್ತಿದ್ದರು.

ಅಂಥವರನ್ನು ಪರೀಕ್ಷಾ ಸಮಿತಿಗೆ ಹಾಕಿಕೊಳ್ಳದೆ ಇನ್ನಾರನ್ನು ಹಾಕಿಕೊಳ್ಳುವುದು? ಹೊರಗಿನಿಂದ ಬಂದವರು ಸ್ವಿಟ್ಜರ್ಲೆಂಡಿನ ಪ್ರಜೆಗಳಾಗಬೇಕೆಂದರೆ ಮೊದಲು ಊರು ಒಪ್ಪಬೇಕು. ಊರು ಒಪ್ಪಿದ ಮೇಲೆ ಕ್ಯಾಂಟನ್, ಅಂದರೆ ನಮ್ಮ ರಾಜ್ಯ, ಆಮೇಲೆ ದೇಶ. ಬೇರೆ ಕಡೆ ಎಲ್ಲವೂ ಮೇಲಿನಿಂದ ಕೆಳಗೆ ಇಳಿದು ಬರುತ್ತದೆ. ನಮ್ಮಲ್ಲಿ ಹಾಲಿನ ಕೆನೆಯ ಹಾಗೆ ಎಲ್ಲವೂ ಕೆಳಗಿನಿಂದ ಮೇಲಕ್ಕೆ. ಹಾಗಾಗಿ ಮುನ್ನೂರು ಜನರ ಊರಿನ ಮೂವರ ಸಮಿತಿ ಅಂದರೆ ಸಾಮಾನ್ಯದ್ದಲ್ಲ. ಕ್ಲೌ, ಊರ್ಸಿನಾ ಮತ್ತು ಮೇಷ್ಟ್ರು. ಪ್ರಶ್ನೆಗಳು ಇಪ್ಪತ್ತು. ಅವನ್ನು ಮೇಷ್ಟ್ರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಸರಿಯುತ್ತರವನ್ನೂ ಬರೆದು, ನೀಲಿ ಕಡತದಲ್ಲಿ ಇಟ್ಟಿದ್ದರು. ಆ ಕಡತವನ್ನು ಬೇರೆ ಯಾರೂ ಮುಟ್ಟಿದವರಲ್ಲ.

ಮಾರ್ಚ್ ತಿಂಗಳ ಒಂದು ಗುರುವಾರ ಮಧ್ಯಾಹ್ನ, ಶಾಲೆಯ ಚಾವಣಿಯಿಂದ ಹಿಮ ಧೊಪ್ಪೆಂದು ಜಾರಿ ಬೀಳುತ್ತಿದ್ದ ಹೊತ್ತಿನಲ್ಲಿ ಇದಲೀನಾ ತೆಶೇರಾ ಪರೀಕ್ಷೆಗೆ ಬಂದಳು. ಪೋರ್ಚುಗಲ್ಲಿನ ಕಡಲತೀರದವಳು. ಇಪ್ಪತ್ನಾಲ್ಕಕ್ಕೆ ಹೋಟೆಲಿನಲ್ಲಿ ಹಾಸಿಗೆ ಸರಿಮಾಡುವ ಕೆಲಸಕ್ಕೆ ಬಂದವಳು, ಈಗ ನಲವತ್ತಾರು. ಊರಿನ ವೃದ್ಧಾಶ್ರಮದ ಅಡುಗೆಮನೆಗೆ ಅವಳೇ ಯಜಮಾನಿ. ಸೊಪ್ಪಿನೆಲೆಯಲ್ಲಿ ಹಿಟ್ಟು ಸುತ್ತಿ ಹಾಲಿನಲ್ಲಿ ಬೇಯಿಸುವ ಕಪೂನ್ಸ್ ಅವಳ ಕೈಯಲ್ಲಿ ಬಂದಷ್ಟು ಚೆನ್ನಾಗಿ ಈ ಕಣಿವೆಯ ಹೆಂಗಸರ ಕೈಯಲ್ಲೇ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಹೇಳುವವರು ಕಡಿಮೆ. ಅವಳು ಮೂವರ ಕೈಯನ್ನೂ ಕುಲುಕಿ, ಒಬ್ಬೊಬ್ಬರ ಹೆಸರನ್ನೂ ಹೇಳಿ, ಒಳ್ಳೆಯ ಕೋಟಿನ ಗುಂಡಿ ಬಿಚ್ಚದೆ ಕೂತಳು.

"ನಮ್ಮ ದೇಶದಲ್ಲಿ ಕ್ಯಾಂಟನ್ ಎಷ್ಟು?" ಮೇಷ್ಟ್ರು ಶುರು ಮಾಡಿದರು.

"ಇಪ್ಪತ್ತಾರು. ಮೊದ್ಲು ಅರ್ಧ ಅರ್ಧ ಅಂತಿದ್ರಲ್ಲ, ಆ ಆರನ್ನೂ ಸೇರಿಸಿ."

"ಭಾಷೆ?"

"ನಾಲ್ಕು. ಜರ್ಮನ್, ಫ್ರೆಂಚ್, ಇಟಾಲಿಯನ್, ಆಮೇಲೆ ನಮ್ದು."

ಊರಿನ ಮಾತಾದ ರೊಮಾಂಶ್ ಎನ್ನಬೇಕಾದ ಕಡೆ ಅವಳು 'ನಮ್ದು' ಎಂದದ್ದು ಮೇಷ್ಟ್ರ ಕಿವಿಗೆ ಬಿತ್ತು. ಸಂತೋಷವೇ ಆಯಿತು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

"ನಮ್ಮ ದೇಶಕ್ಕೆ ತಗುಲಿದ ಸಮುದ್ರ ಯಾವುದು?"

ಇದು ಮೇಷ್ಟ್ರ ಕುಚೋದ್ಯದ ಪ್ರಶ್ನೆ. ಇದರಲ್ಲಿ ಇಬ್ಬರು ಮೂವರು ಹಿಂದೆ ಎಡವಿ ಬಿದ್ದದ್ದುಂಟು.

"ಯಾವ್ದೂ ಇಲ್ಲ," ಎಂದಳು ಇದಲೀನಾ. "ಆದ್ರೆ ಸಮುದ್ರಗಳಿಗೆ ನೀರು ಕಳಿಸೋರು ನಾವೇ. ಈ ಕಿಟಕಿ ಕೆಳಗೆ ಹರೀತಿರೋ ರೈನ್ ಉತ್ತರ ಸಮುದ್ರಕ್ಕೆ. ರೋನ್ ಮೆಡಿಟರೇನಿಯನ್‌ಗೆ. ಇನ್ ನದಿ ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ. ತಿಚೀನೊ ಇದ್ಯಲ್ಲ..."

"ಸಾಕಮ್ಮ ಸಾಕು," ಎಂದಳು ಊರ್ಸಿನಾ. "ಅಷ್ಟು ನನಗೇ ಗೊತ್ತಿಲ್ಲ. ಇನ್ನೂ ಹೇಳಿದ್ರೆ ನನ್ನೇ ಗಡಿ ದಾಟಿಸಿ ಬಿಡ್ತಾರೆ."

"ಹಡಗೂ ಇದಾವೆ ಊರ್ಸಿನಾ, ನಮ್ಮ ಬಾವುಟ ಹಾಕ್ಕೊಂಡು ಓಡಾಡೋವು. ನಮ್ಮಪ್ಪ ಮೀನು ಹಿಡಿಯೋನು. ಒಂದ್ಸಲ ನೋಡಿದ್ನಂತೆ. ಬೆಟ್ಟದೋರು ಪಾಪ ದಾರಿ ತಪ್ಪಿ ಬಂದಿದಾರೆ ಅಂತ ವರ್ಷಗಟ್ಟಲೆ ಹೇಳ್ಕೊಂಡು ನಗ್ತಿದ್ದ."

ಕ್ಲೌ ಬಿದ್ದುಬಿದ್ದು ನಕ್ಕ. ದೇಶವನ್ನು ನಡೆಸುವವರು ಎಷ್ಟು ಜನ ಎಂದರೆ ಏಳು, ಅಧ್ಯಕ್ಷಗಿರಿ ಅವರೊಳಗೇ ವರ್ಷಕ್ಕೊಬ್ಬರಿಗೆ ಸರದಿ ಎಂದಳು ಇದಲೀನಾ. ಎತ್ತರದ ಶಿಖರ, ಅದರ ಮೀಟರು, ಭಾನುವಾರ ಗಾಜಿನ ಬಾಟಲಿ ಎಸೆಯಬಾರದೆನ್ನುವ ನಿಯಮ, ಎಲ್ಲಕ್ಕೂ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಹದಿಮೂರು ಪ್ರಶ್ನೆ ಮುಗಿದವು. ಹದಿನಾಲ್ಕನೆಯದನ್ನು ಮೇಷ್ಟ್ರು ಪಾಪ, ಬಂದವರು ಸ್ವಲ್ಪ ಉಸಿರು ಬಿಡಲಿ ಎಂದೇ ಇಟ್ಟಿದ್ದರು. ಮೂರನೆಯ ತರಗತಿಯ ಮಕ್ಕಳು ನಿದ್ದೆಯಲ್ಲಿ ಹೇಳುವಂಥದ್ದು.

"ನಮ್ಮ ದೇಶದ ರಾಜಧಾನಿ?"

ಇದಲೀನಾ ಮೊದಲ ಸಲ ತಡೆದಳು.

"ಇಲ್ಲ," ಎಂದಳು.

"ಏನಿಲ್ಲ?"

"ರಾಜಧಾನಿ ಇಲ್ಲ ಮೇಷ್ಟ್ರೇ."

ಕ್ಲೌ ಮತ್ತೆ ನಗಲು ಬಾಯಿ ತೆರೆದವನು ಮೇಷ್ಟ್ರ ಮುಖ ನೋಡಿ ಮುಚ್ಚಿಕೊಂಡ.

"ಬೆರ್ನ್ ಇದೆ," ಎಂದು ಇದಲೀನಾ ಮುಂದುವರಿಸಿದಳು. "ಸರ್ಕಾರ, ಪಾರ್ಲಿಮೆಂಟು ಎಲ್ಲ ಕೂರೋದು ಅಲ್ಲೇ. ಒಕ್ಕೂಟದ ನಗರ ಅಂತಾರೆ. ಆದ್ರೆ ಅದನ್ನ ರಾಜಧಾನಿ ಅಂತ ಯಾವ ಕಾನೂನೂ ಕರ್ದಿಲ್ಲ."

"ಬೆರ್ನ್ ಅಂತ ಹೇಳಿದ್ರೆ ಸಾಕಿತ್ತು."

"ಹೇಳ್ಬಹುದಿತ್ತು. ಸರಿಯಾಗ್ತಿರ್ಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಶಾಲೆಯಲ್ಲಿ ಈ ಕನ್ನಡಕ ಒರೆಸುವ ಹೊತ್ತಿನಲ್ಲಿ ಮಕ್ಕಳು ತಾವಾಗಿಯೇ ಉತ್ತರ ಬದಲಿಸುತ್ತಿದ್ದರು. ಇದಲೀನಾ ಬದಲಿಸಲಿಲ್ಲ.

"ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳಿ."

"ಯೋಚ್ನೆ ಮಾಡೇ ಹೇಳಿದ್ದು."

ಮೇಷ್ಟ್ರು ಕೆಂಪು ಪೆನ್ನು ತೆಗೆದು ಹದಿನಾಲ್ಕರ ಎದುರು ಅಡ್ಡಗೀಟು ಎಳೆದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ಷರಾ ಬೇರೆ ಬರೆದರು: "ದೇಶದ ರಾಜಧಾನಿ ತಿಳಿದಿಲ್ಲ. ತಿದ್ದಿದರೂ ಒಪ್ಪಲಿಲ್ಲ." ಉಳಿದ ಆರು ಪ್ರಶ್ನೆಗೂ ಅವಳು ಸರಿಯಾಗಿಯೇ ಉತ್ತರಿಸಿದಳು. ಇಪ್ಪತ್ತಕ್ಕೆ ಹತ್ತೊಂಬತ್ತು.

ಹತ್ತೊಂಬತ್ತನ್ನು ಯಾರು ಕೇಳುತ್ತಾರೆ? ಕ್ಲೌ ಊಟದ ಹೊತ್ತಿನಲ್ಲಿ ಹೆಂಡತಿಗೆ ಹೇಳಿದ. ಹೆಂಡತಿ ಅಂಗಡಿಯಲ್ಲಿ ಹೇಳಿದಳು. ಶುಕ್ರವಾರದ ಹೊತ್ತಿಗೆ ಉಪ್ಪುಖಾರ ಹತ್ತಿ, ಇದಲೀನಾ ಬೆರ್ನ್ ಎನ್ನುವ ಊರೇ ಇಲ್ಲ ಅಂದಳಂತೆ ಎಂದಾಯಿತು. ಶನಿವಾರ ಊರಿನ ಪಾನಗೃಹದಲ್ಲಿ ಬೇಟೆಗಾರರು ಕೂರುವ ಮೇಜಿನ ಸುತ್ತ, "ಇಪ್ಪತ್ತೆರಡು ವರ್ಷದಿಂದ ಲಿಸ್ಬನ್ನೇ ನಮ್ಮ ರಾಜಧಾನಿ ಅಂದ್ಕೊಂಡಿದ್ಲಂತೆ ಕಣ್ರೋ" ಎಂದು ಹಾಲು ಡೈರಿಯ ಲುರೆಂಚ್ ಮೇಜು ಗುದ್ದಿ ನಕ್ಕ. ಊರು ಕೆಟ್ಟದ್ದಲ್ಲ. ಆದರೆ ಚಳಿಗಾಲ ಮುಗಿಯುವ ತಿಂಗಳಲ್ಲಿ ಜನಕ್ಕೆ ನಗಲು ಏನಾದರೂ ಬೇಕು.

ಇದು ಬರಿಯ ನಗೆಯಾಗಿದ್ದರೆ ಆಗಿಹೋಗುತ್ತಿತ್ತು. ವೃದ್ಧಾಶ್ರಮವನ್ನು ಶರತ್ಕಾಲಕ್ಕೆ ಕೆಳಗಿನ ಪಟ್ಟಣದ ದೊಡ್ಡ ಆಶ್ರಮಕ್ಕೆ ಸೇರಿಸುವುದೆಂದು ತೀರ್ಮಾನವಾಗಿತ್ತು. ಅಡುಗೆಯವರೂ ಕೆಳಗಿಳಿಯಬೇಕು, ಮನೆಯೂ ಅಲ್ಲೇ. ಊರು ಬದಲಾಯಿತೆಂದರೆ ಅರ್ಜಿ ಹಾಕಲು ಒಂದೇ ಊರಿನಲ್ಲಿ ಇರಬೇಕಾದ ವರ್ಷಗಳ ಎಣಿಕೆ ಮತ್ತೆ ಒಂದರಿಂದ ಶುರು. ಇದಲೀನಾಳ ಅರ್ಜಿ ಈ ಏಪ್ರಿಲ್ಲಿನ ಊರಸಭೆಯಲ್ಲಿ ಗೆದ್ದರೆ ಗೆದ್ದಿತು. ಬಿದ್ದರೆ ಅವಳು ಐವತ್ತು ದಾಟಿದ ಮೇಲೆ, ತನ್ನ ಹೆಸರೂ ಗೊತ್ತಿಲ್ಲದ ಜನರ ಮುಂದೆ ಮತ್ತೆ ಕೂರಬೇಕು. ಸಭೆಯಲ್ಲಿ ಬೇಡ ಎನ್ನುವವರು ಸುಮ್ಮನೆ ಬೇಡ ಎನ್ನುವ ಹಾಗಿಲ್ಲ, ಕಾರಣ ಕೊಡಬೇಕು. ಈಗ ಕಾರಣ ಸಿಕ್ಕಿತ್ತು, ಅದೂ ಮೇಷ್ಟ್ರ ಕೈಬರಹದಲ್ಲಿ.

ಭಾನುವಾರ ಮೇಷ್ಟ್ರು ಎಂದಿನಂತೆ ಅಕ್ಕನನ್ನು ನೋಡಲು ಆಶ್ರಮಕ್ಕೆ ಹೋದರು. ಅಕ್ಕ ಬಾರ್ಲಾಗೆ ಎಂಬತ್ತನಾಲ್ಕು. ಮೂವತ್ತು ವರ್ಷ ಊರಿನ ಅಂಚೆಕಚೇರಿ ನಡೆಸಿದವಳು, ಈಗ ಕಣ್ಣು ಪೂರಾ ಹೋಗಿದೆ, ಬಾಯಿ ಮಾತ್ರ ಇದ್ದ ಹಾಗೇ ಇದೆ.

"ಏನೋ ಪ್ಲಾಚಿ, ನಮ್ಮ ಇದಲೀನಾಗೆ ಸೊನ್ನೆ ಹಾಕಿದ್ಯಂತೆ?"

"ಸೊನ್ನೆ ಅಲ್ಲಕ್ಕ, ಹತ್ತೊಂಬತ್ತು ಬಂದಿದೆ. ಒಂದು ತಪ್ಪು ಹೇಳಿದ್ಲು. ರಾಜಧಾನಿ ಇಲ್ಲ ಅಂತಾಳೆ."

ಬಾರ್ಲಾ ಕೆಮ್ಮು ಬರುವವರೆಗೆ ನಕ್ಕಳು.

"ರಾಜಧಾನಿ ಇರ್ಬೇಕಾದ್ರೆ ರಾಜ ಇರ್ಬೇಕಲ್ವೇನೋ ಪೆದ್ದ? ನಮ್ಗೆ ಯಾವತ್ತಿದ್ದ ರಾಜ?"

"ತಮಾಷೆ ಬೇಡಕ್ಕ."

"ತಮಾಷೆ ನಂದಲ್ಲ. ಈ ಚಳಿಗಾಲ ಪೂರ್ತಿ ಸಂವಿಧಾನ ಓದಿಸ್ಕೊಂಡಿದೀನಿ ನಾನು. ಅವಳು ಪರೀಕ್ಷೆಗೆ ಓದ್ಬೇಕಿತ್ತು, ನನಗೆ ಕಿವಿಗೆ ಏನಾದ್ರೂ ಬೇಕಿತ್ತು. ಊಟ ಆದ್ಮೇಲೆ ದಿನಾ ಒಂದೊಂದು ಕಲಮು, ನಮ್ಮ ಭಾಷೇಲೇ. ಬೆರ್ನ್ ರಾಜಧಾನಿ ಅನ್ನೋ ಕಲಮು ಎಲ್ಲಿದ್ಯೋ ಹುಡುಕಿ ತಾ. ತಂದ್ರೆ ಈ ಕೋಲು ನಿಂದು, ನನ್ನ ಬೆನ್ನೂ ನಿಂದು."

ಮೇಷ್ಟ್ರು ಮನೆಗೆ ಬಂದು ಹುಡುಕಿದರು. ಸಂವಿಧಾನವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದರು. ಇಲ್ಲ. ಕಾನೂನಿನ ಪುಸ್ತಕದಲ್ಲಿ ಬೆರ್ನ್ ಸಿಕ್ಕಿತು, ಸರ್ಕಾರ ಕೂರುವ ಜಾಗ ಎಂದಷ್ಟೇ ಇತ್ತು. ೧೮೪೮ರಲ್ಲಿ ದೇಶ ಕಟ್ಟಿದವರು ಜೂರಿಕ್ಕೋ ಲುಸರ್ನೋ ಬೆರ್ನೋ ಎಂದು ಜಗ್ಗಾಡಿದ ಕಥೆ ಅವರಿಗೆ ಗೊತ್ತಿದ್ದದ್ದೇ, ಪಾಠ ಮಾಡಿದ್ದದ್ದೇ. ಆ ಕಥೆಯ ಕೊನೆಯಲ್ಲಿ 'ಹೀಗೆ ಬೆರ್ನ್ ನಮ್ಮ ರಾಜಧಾನಿಯಾಯಿತು' ಎಂದು ತಾವೇ ಒಂದು ವಾಕ್ಯ ಸೇರಿಸಿ ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದಿದ್ದರು. ಯಾಕೆ ಬರೆದೆ? ಎಲ್ಲರೂ ಹಾಗನ್ನುತ್ತಾರೆ ಎಂದು. ಅವರ ಮೇಷ್ಟ್ರೂ ಹಾಗೇ ಅಂದಿದ್ದರು. ಎಲ್ಲರೂ ಅನ್ನುತ್ತಾರೆ ಎಂದು ಮಕ್ಕಳು ನೆಪ ಹೇಳಿದರೆ ಬೆತ್ತ ತೋರಿಸುತ್ತಿದ್ದ ಮನುಷ್ಯ ತಾನು ಮಾತ್ರ ಬೆರಳಿಟ್ಟು ನೋಡಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ಒಬ್ಬರೇ ಕೂತಿದ್ದರೂ ಕಿವಿ ಬಿಸಿಯಾಗುವಷ್ಟು.

ನಾಚಿಕೆಯ ಬೆನ್ನಿಗೆ ಇನ್ನೊಂದೂ ಬಂತು. ಎಂಥ ಜನ ಆ ದೇಶ ಕಟ್ಟಿದವರು ಎನ್ನಿಸಿತು. ಭಾಷೆ ನಾಲ್ಕು, ದೇವರನ್ನು ನಂಬುವ ರೀತಿ ಎರಡು, ಹಿಂದಿನ ವರ್ಷವಷ್ಟೇ ಒಬ್ಬರ ಮೇಲೊಬ್ಬರು ಬಂದೂಕು ಎತ್ತಿದವರು. ಆದರೂ ಕೂತು, ಮಾತಾಡಿ, ಒಂದು ಊರಿಗೆ ಕಚೇರಿ ಕೊಟ್ಟರು, ಕಿರೀಟ ಕೊಡಲಿಲ್ಲ. ಈ ದೇಶದ ಅತ್ಯಂತ ಸೊಗಸಾದ ಸಂಗತಿಯನ್ನೇ ತಾನು ಮೂವತ್ತಾರು ವರ್ಷ ಮಕ್ಕಳಿಂದ ಮುಚ್ಚಿಟ್ಟ ಹಾಗಾಯಿತಲ್ಲ ಎಂದು ಮೇಷ್ಟ್ರು ಮರುಗಿದರು.

ಮರುಗಿದ ಕೂಡಲೇ ಮನುಷ್ಯ ಸರಿದಾರಿಗೆ ಬರುತ್ತಾನೆಯೇ? ಮೇಷ್ಟ್ರು ಮೊದಲು ಸುತ್ತುದಾರಿ ಹುಡುಕಿದರು. ಊರಸಭೆಗೆ ಎರಡು ದಿನ ಇರುವಾಗ ಆಶ್ರಮದ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಇದಲೀನಾ ಬಾರ್ಲಿ ಸೂಪಿನ ದೊಡ್ಡ ಪಾತ್ರೆಯನ್ನು ಕಲಕುತ್ತಿದ್ದಳು.

"ಬನ್ನಿ ಮೇಷ್ಟ್ರೇ. ಉಪ್ಪು ನೋಡ್ತೀರಾ?"

ಅವರು ಚಮಚದಲ್ಲಿ ರುಚಿ ನೋಡಿ, ಸರಿಯಾಗಿದೆ ಎಂದರು.

"ನೋಡಿ ಇದಲೀನಾ, ಒಂದು ದಾರಿ ಇದೆ. ಅವತ್ತು ಗಾಬರಿಯಲ್ಲಿ ಬಾಯಿ ತಪ್ಪಿ ಹಂಗಂದೆ, ಬೆರ್ನ್ ಅಂತಾನೇ ಹೇಳ್ಬೇಕಂತಿತ್ತು ಅಂತ ನೀವು ನಂಗೆ ಹೇಳಿದ್ರೆ ಸಾಕು. ನಾನು ಷರಾ ತೆಗೆದುಬಿಡ್ತೀನಿ. ಇಪ್ಪತ್ತಕ್ಕೆ ಇಪ್ಪತ್ತು. ಸಭೇಲಿ ಯಾರೂ ಉಸಿರೆತ್ತಲ್ಲ."

ಇದಲೀನಾ ಒಲೆ ಸಣ್ಣ ಮಾಡಿದಳು.

"ಮೇಷ್ಟ್ರೇ, ನೀವು ಪುಸ್ತಕ ನೋಡಿದ್ರಾ?"

ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ. "ನೋಡ್ದೆ," ಎಂದರು.

"ಏನಿತ್ತು?"

"ನೀವು ಹೇಳಿದ್ದೇ ಇತ್ತು."

ಇದಲೀನಾಳ ಮುಖ ಕೆಂಪಾಯಿತು. ಅದು ಒಲೆಯ ಬಿಸಿಯಿಂದಲ್ಲ.

"ಅಂದ್ರೆ ಸರಿಯಾದ್ದು ಗೊತ್ತಿದ್ದೂ, ನಾನು ತಪ್ಪು ಹೇಳಿ ಪಾಸಾಗ್ಲಿ ಅಂತೀರಾ?"

"ನಿಮಗೋಸ್ಕರಾನೇ ಹೇಳಿದ್ದು. ಸೋತ್ರೆ ನೀವು ಮತ್ತೆ ಮೊದಲಿಂದ..."

"ಗೊತ್ತು. ದಿನಾ ಅದೇ ಎಣಿಸ್ತಾ ಕೂತಿದೀನಿ." ಅವಳು ಚಮಚ ಕೆಳಗಿಟ್ಟಳು. "ಇಪ್ಪತ್ತೆರಡು ವರ್ಷ ಎಲ್ಲಾದಕ್ಕೂ ಹೂಂ ಅಂದಿದೀನಿ ಮೇಷ್ಟ್ರೇ. ಹೋಟೆಲಿನಲ್ಲಿ ಹೂಂ. ನನ್ನ ಹೆಸರನ್ನ ಬಾಯಿಗೆ ಬಂದ ಹಾಗೆ ಕರೆದ್ರೂ ಹೂಂ. ಇದು ಒಂದಕ್ಕೆ ಆಗಲ್ಲ. ಈ ದೇಶ ನಂಗೆ ಯಾಕೆ ಬೇಕು ಗೊತ್ತಾ? ಆ ಪುಸ್ತಕ ಓದ್ತಾ ಓದ್ತಾ ಬೇಕನ್ನಿಸ್ತು. ಯಾರನ್ನೂ ಯಾರ ತಲೆ ಮೇಲೂ ಕೂರಿಸ್ಬಾರ್ದು ಅಂತ ಇಷ್ಟು ಹಟ ಹಿಡಿದೋರು ಇನ್ನೆಲ್ಲಿದಾರೆ? ಅದನ್ನ ಓದಿಕೊಂಡು, ಒಳಗೆ ಬರೋವಾಗ ಬಾಗಿಲಲ್ಲೇ ಸುಳ್ಳು ಹೇಳಿ ಬರ್ಲಾ?"

ಮೇಷ್ಟ್ರು ಬಾಗಿಲಿನಿಂದ ಹಿಂದೆ ಸರಿದರು. ಹೊರಗೆ ಬರುವಾಗ ಬಾರ್ಲಾಳ ಕೋಣೆಯ ಬಾಗಿಲು ತೆರೆದೇ ಇತ್ತು.

"ಎಲ್ಲಾ ಕೇಳಿಸ್ತು ಕಣೋ," ಎಂದಳು ಅಕ್ಕ, ಕುರ್ಚಿಯಿಂದಲೇ. "ನನಗೆ ಓಟು ಬಂದಿದ್ದು ಎಷ್ಟನೇ ವಯಸ್ಸಿಗೆ ಹೇಳು."

"ಮೂವತ್ತೊಂದಕ್ಕೆ."

"ಎಪ್ಪತ್ತೊಂದನೇ ಇಸವಿ. ಅಲ್ಲೀವರ್ಗೂ ಊರಿನ ಎಲ್ಲಾ ಗಂಡಸರ ಮತಪತ್ರಾನೂ ನಾನೇ ಮುದ್ರೆ ಒತ್ತಿ ಕಳಿಸ್ತಿದ್ದೆ, ನಂದು ಮಾತ್ರ ಇರ್ತಿರ್ಲಿಲ್ಲ. ಇಲ್ಲೇ ಹುಟ್ಟಿ ಇಲ್ಲೇ ಹೊರಗಿನೋಳು. ಗಂಡಸರಿಗೆ ತಪ್ಪಾಯ್ತು ಅಂತ ಅನ್ನಿಸೋಕೆ ಅಷ್ಟು ವರ್ಷ ಬೇಕಾಯ್ತು. ಆದ್ರೂ ಕೊನೆಗೆ ಅವ್ರೇ ಕೈ ಎತ್ತಿ ಒಪ್ಕೊಂಡ್ರು, ಅದಕ್ಕೆ ನಾನು ಈ ದೇಶಾನ ಕ್ಷಮಿಸಿದೀನಿ. ನಿಂಗೆ ಎರಡು ದಿನ ಟೈಮಿದೆ."

ಶನಿವಾರ ಸಂಜೆ, ಹಾಲು ಕರೆದಾದ ಮೇಲೆ, ಶಾಲೆಯ ದೊಡ್ಡ ಕೋಣೆಯಲ್ಲಿ ಊರಸಭೆ ಸೇರಿತು. ಎಪ್ಪತ್ತರ ಹತ್ತಿರ ಜನ. ಬಾರ್ಲಾಳನ್ನು ಊರ್ಸಿನಾ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದು ಹಿಂದಿನ ಸಾಲಿನಲ್ಲಿ ನಿಲ್ಲಿಸಿದಳು. ಬೇಸಿಗೆಯ ಹುಲ್ಲುಗಾವಲಿನ ದಾರಿ, ಕಾಡಿನ ಸೌದೆ, ನೀರಿನ ಕೊಳವೆ, ಎಲ್ಲ ಮುಗಿದು ಕೊನೆಗೆ ಇದಲೀನಾಳ ಅರ್ಜಿ ಬಂತು. ಅವಳು ನಿಯಮದಂತೆ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಬಾಗಿಲು ಮುಚ್ಚಿತು.

ಮೇಷ್ಟ್ರು ಮುಂದಿನ ಸಾಲಿನಲ್ಲಿ, ನೀಲಿ ಕಡತವನ್ನು ತೊಡೆಯ ಮೇಲಿಟ್ಟು ಕೂತಿದ್ದರು. ಒಂದು ಪಕ್ಷ ಯಾರೂ ಆ ಮಾತು ಎತ್ತದಿದ್ದರೆ ತಾವೂ ಎತ್ತಬೇಕಾಗಿಲ್ಲ ಎಂದು ಅವರ ಮನಸ್ಸಿನ ಮೂಲೆಯೊಂದು ಇನ್ನೂ ಆಸೆ ಪಡುತ್ತಿತ್ತು.

"ಬೇಡ ಅನ್ನೋರು ಯಾರಾದ್ರೂ ಇದ್ರೆ ಕಾರಣ ಹೇಳಿ," ಎಂದ ಕ್ಲೌ.

ಲುರೆಂಚ್ ಎದ್ದ. "ಕೆಟ್ಟೋಳಲ್ಲ ಅವ್ಳು. ನಮ್ಮಮ್ಮಂಗೆ ಕೊನೇ ದಿನ ತುತ್ತು ತಿನ್ಸಿದ್ದು ಅವ್ಳೇ, ನಾನು ಮರೆಯಲ್ಲ. ಆದ್ರೆ ರೂಲ್ಸ್ ಅಂದ್ರೆ ರೂಲ್ಸ್. ದೇಶದ ರಾಜಧಾನಿ ಗೊತ್ತಿಲ್ದೋರಿಗೆ ಪೌರತ್ವ ಕೊಡಕ್ಕಾಗತ್ತಾ? ಮೇಷ್ಟ್ರೇ ಬರ್ದಿದಾರೆ. ಮೇಷ್ಟ್ರು ತಿದ್ದಿದ್ರೂ ಒಪ್ಲಿಲ್ವಂತೆ. ಮೇಷ್ಟ್ರು ಮಾತೇ ಕೇಳ್ದೋಳು ಇನ್ಯಾರ ಮಾತು ಕೇಳ್ತಾಳೆ?"

ಹೌದು ಹೌದು ಎನ್ನುವ ಗುಜುಗುಜು ಎದ್ದಿತು. ಕ್ಲೌ ಮೇಷ್ಟ್ರ ಕಡೆ ನೋಡಿದ. ಈ ಕೋಣೆಯಲ್ಲೇ ಅವರು ಬದುಕೆಲ್ಲ ನಿಂತು ಮಾತಾಡಿದ್ದು, ಎದ್ದು ನಿಲ್ಲುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕಡತವನ್ನು ಹಿಡಿದುಕೊಂಡೇ ಎದ್ದರು.

"ಲುರೆಂಚ್, ನಮ್ಮ ರಾಜಧಾನಿ ಯಾವ್ದೋ?"

"ಬೆರ್ನ್ ಮೇಷ್ಟ್ರೇ."

"ಯಾರು ಹೇಳ್ಕೊಟ್ಟಿದ್ದು?"

"ನೀವೇ. ಇಲ್ಲೇ, ಈ ಗೋಡೆ ಹತ್ರ."

"ತಪ್ಪು ಹೇಳ್ಕೊಟ್ಟೆ," ಎಂದರು ಮೇಷ್ಟ್ರು.

ಯಾರಿಗೂ ಅರ್ಥವಾಗಲಿಲ್ಲ. ಬಾರ್ಲಾಗೆ ಒಬ್ಬಳಿಗೆ ಅರ್ಥವಾಯಿತು, ಅವಳು ಹಿಂದಿನಿಂದ ಕೂಗಿದಳು: "ಜೋರಾಗಿ ಹೇಳೋ ಪ್ಲಾಚಿ! ಹಿಂದಿರೋರಿಗೆ ಕೇಳಿಸ್ಲಿಲ್ಲ!"

"ತಪ್ಪು ಹೇಳ್ಕೊಟ್ಟೆ!" ಮೇಷ್ಟ್ರು ದನಿಯೇರಿಸಿದರು. ಆ ಮೇಲೆ ಮಾತು ತಾನಾಗಿ ಬಂತು. "ನಮ್ಗೆ ರಾಜಧಾನಿ ಇಲ್ಲ. ಸಂವಿಧಾನ ಪೂರಾ ಹುಡುಕಿದೀನಿ, ಕಾನೂನು ಹುಡುಕಿದೀನಿ. ನಮ್ಮ ಹಿರೀಕರು ಬೆರ್ನಿಗೆ ಕಚೇರಿ ಕೊಟ್ರು, ಪಟ್ಟ ಕಟ್ಲಿಲ್ಲ. ಜೂರಿಕ್ಕಿಗಿಂತ ಬೆರ್ನ್ ಮೇಲಲ್ಲ, ಬೆರ್ನಿಗಿಂತ ನಮ್ಮ ಸುರಾವಾಲ್ ಕೀಳಲ್ಲ ಅಂತ. ಇಷ್ಟು ದೊಡ್ಡ ಮಾತನ್ನ ನಿಮ್ಗೆ ಯಾರ್ಗೂ ನಾನು ಹೇಳ್ಕೊಡ್ಲಿಲ್ಲ. ನಂಗೇ ಗೊತ್ತಿರ್ಲಿಲ್ಲ. ಆ ಹೆಣ್ಮಗಳಿಗೆ ಗೊತ್ತಿತ್ತು. ಅದನ್ನ ಹೇಳಿದ್ದಕ್ಕೆ ನಾನು ಅವ್ಳಿಗೆ ಕೆಂಪು ಗೀಟು ಹಾಕ್ದೆ. ಇನ್ನೊಂದಿದೆ. ಮೊನ್ನೆ ಹೋಗಿ, ತಪ್ಪು ಉತ್ತರ ಹೇಳ್ಬಿಡಿ, ಪಾಸು ಮಾಡ್ತೀನಿ ಅಂತಾನೂ ಅಂದೆ. ಅವ್ಳು ಒಪ್ಲಿಲ್ಲ. ಸೋತ್ರೂ ಪರವಾಗಿಲ್ಲ, ಸುಳ್ಳು ಹೇಳಲ್ಲ ಅಂದ್ಲು. ರಾಜಧಾನಿ ಗೊತ್ತಿಲ್ದೋರು ಹೊರಗೆ ಹೋಗ್ಬೇಕು ಅಂತಾದ್ರೆ ಈ ಕೋಣೇಲಿ ಇರೋರೆಲ್ಲ ಹೊರಗೆ ಹೋಗ್ಬೇಕು, ನಾನು ಮೊದ್ಲು. ಒಳಗೆ ಬರ್ಬೇಕಾದೋಳು ಮೆಟ್ಟಿಲ ಮೇಲೆ ಕೂತಿರೋ ಅವ್ಳೊಬ್ಬಳೇ."

ಹೇಳಿ ಮುಗಿಸಿದರು, ಆದರೆ ಕೂರಲಿಲ್ಲ. ತಪ್ಪು ಮಾಡಿದ ಮಕ್ಕಳನ್ನು ಅವರು ನಿಲ್ಲಿಸುತ್ತಿದ್ದ ಹಾಗೆ ತಾವೇ ನಿಂತಿದ್ದರು. ಮೂವತ್ತಾರು ವರ್ಷದ ಮರ್ಯಾದೆ ಹೋಯಿತು ಎಂದುಕೊಂಡರು.

"ಹಂಗಾದ್ರೆ ಮೇಷ್ಟ್ರೇ," ಎಂದ ಲುರೆಂಚ್, ತಲೆ ಕೆರೆದುಕೊಳ್ಳುತ್ತ, "ನಾನು ಅವತ್ತು ಬೆರ್ನ್ ಅಂತ ಬರ್ದು ತಗೊಂಡ ಅಂಕ ವಾಪಸ್ ಕೊಡ್ಬೇಕಾ?"

"ನಿನ್ನ ಹತ್ರ ವಾಪಸ್ ತಗೊಳ್ಳೋಷ್ಟು ಅಂಕ ಯಾವತ್ತಿತ್ತೋ?"

ಕೋಣೆ ಗೊಳ್ಳೆಂದಿತು. ನಗು ಒಂದು ಮೂಲೆಯಲ್ಲಿ ನಿಂತರೆ ಇನ್ನೊಂದು ಮೂಲೆಯಲ್ಲಿ ಶುರುವಾಗುತ್ತಿತ್ತು. ಆ ನಗುವಿನಲ್ಲಿ ಮೇಷ್ಟ್ರ ಮೇಲಿನ ಗೌರವ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಅದನ್ನು ಕಂಡು ಮೇಷ್ಟ್ರಿಗೇ ಆಶ್ಚರ್ಯವಾಯಿತು. ಕ್ಲೌ ಮೇಜು ಬಡಿದು ಸುಮ್ಮನಾಗಿಸಿ, ಬೇಕು ಎನ್ನುವವರು ಕೈ ಎತ್ತಿ ಎಂದ. ಎಲ್ಲರಿಗಿಂತ ಮೊದಲು ಎದ್ದದ್ದು ಹಿಂದಿನ ಸಾಲಿನ ಗಾಲಿಕುರ್ಚಿಯ ಕೈ. ಊರ್ಸಿನಾ ಎರಡೆರಡು ಸಲ ಎಣಿಸಿದಳು. ಐವತ್ತೆಂಟು. ಬೇಡ ಎನ್ನುವವರು ನಾಲ್ಕು. ಲುರೆಂಚ್ ಬೇಕೆನ್ನುವಾಗಲೂ ಎತ್ತಲಿಲ್ಲ, ಬೇಡವೆನ್ನುವಾಗಲೂ ಎತ್ತಲಿಲ್ಲ. ಆಮೇಲೆ ಬಾಗಿಲು ತೆಗೆದು ಇದಲೀನಾಳನ್ನು ಒಳಗೆ ಕರೆದವನು ಮಾತ್ರ ಅವನೇ.

"ಬಾರಮ್ಮ," ಎಂದ. "ಊರು ಒಪ್ತು."

ಜನ ಎದ್ದು ಚಪ್ಪಾಳೆ ತಟ್ಟಿದರು. ಕ್ಲೌ ಕೈಕುಲುಕಿ, ಇನ್ನು ಕೂರ್ ಪಟ್ಟಣದಲ್ಲಿ ಕ್ಯಾಂಟನ್, ಆಮೇಲೆ ಬೆರ್ನಿನಲ್ಲಿ ದೇಶ, ಅವರೂ ಒಪ್ಪಬೇಕು, ತಿಂಗಳುಗಟ್ಟಲೆ ಆಗಬಹುದು, ಆದರೆ ಗಟ್ಟಿ ಬಾಗಿಲು ಇದೇ ಎಂದ. ಇದಲೀನಾ ತಲೆಯಾಡಿಸಿದಳು. ಅವಳ ಕಣ್ಣು ಒಣಗಿಯೇ ಇತ್ತು. ಹೆಂಗಸರು ತಬ್ಬಿಕೊಂಡರು. ಯಾರೋ ವೈನಿನ ಬಾಟಲಿ, ಅಕ್ರೋಟಿನ ಕಡುಬಿನ ತಟ್ಟೆ ತಂದಿಟ್ಟರು. ಅವಳು ಎಲ್ಲರನ್ನೂ ದಾಟಿಕೊಂಡು, ಇನ್ನೂ ನಿಂತೇ ಇದ್ದ ಮೇಷ್ಟ್ರ ಬಳಿಗೆ ಬಂದಳು. ಮೇಷ್ಟ್ರು ಅವಳು ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡು, ಅದೆಲ್ಲ ಬೇಡ ಎನ್ನಲು ಬಾಯಿ ತೆರೆದರು.

"ಆ ಕಾಗದ ಇದ್ರಲ್ಲಿದ್ಯಾ ಮೇಷ್ಟ್ರೇ?" ಎಂದಳು, ಕಡತ ತೋರಿಸಿ.

"ಇದೆ."

"ಹದಿನಾಲ್ಕು ತಿದ್ದಿ."

"ಓಟು ಬಿದ್ದಾಯ್ತಲ್ಲ ಇದಲೀನಾ. ಇನ್ಯಾಕೆ ಅದು?"

"ಓಟು ಊರಿಂದು," ಎಂದಳು. "ಉತ್ತರ ನಂದು."

ಮೇಷ್ಟ್ರು ಮೇಜಿನ ಬಳಿ ಕೂತು ಕಡತ ಬಿಚ್ಚಿದರು. ಕೆಂಪು ಗೀಟನ್ನು ಹೊಡೆದುಹಾಕಿ ಸರಿ ಗುರುತು ಹಾಕಿದರು. ಷರಾದ ಎರಡು ವಾಕ್ಯಗಳ ಮೇಲೆ ಅಳತೆಪಟ್ಟಿ ಇಟ್ಟು ಗೆರೆ ಎಳೆದು, ಕೆಳಗೆ "ಪರೀಕ್ಷಕನ ತಪ್ಪು" ಎಂದು ಬರೆದು ಸಹಿ ಮಾಡಿದರು. ಹತ್ತೊಂಬತ್ತನ್ನು ಇಪ್ಪತ್ತು ಮಾಡಿದರು. ಸುತ್ತ ಸೇರಿದ್ದವರು ಬಗ್ಗಿ ನೋಡುತ್ತಿದ್ದರು. ಕಾಗದವನ್ನು ಅವರು ಕ್ಲೌನ ಕೈಗೆ ಕೊಟ್ಟರು.

"ಓದು," ಎಂದರು. "ಎಲ್ಲರಿಗೂ ಕೇಳೋ ಹಾಗೆ."

ಕ್ಲೌ ಗಾಜಿನ ಲೋಟ ಕೆಳಗಿಟ್ಟು, ಶಾಲೆಯ ಹುಡುಗನ ಹಾಗೆ ನೆಟ್ಟಗೆ ನಿಂತುಕೊಂಡ.

"ಇದಲೀನಾ ತೆಶೇರಾ," ಎಂದು ಓದಿದ. "ಇಪ್ಪತ್ತಕ್ಕೆ ಇಪ್ಪತ್ತು."

ಆಗ ಇದಲೀನಾ ಅತ್ತಳು. ಮೇಷ್ಟ್ರು ಎದ್ದು ತಮ್ಮ ಕುರ್ಚಿಯನ್ನು ಅವಳ ಕಡೆಗೆ ಸರಿಸಿದರು.